ಮೋಲ್ಡ್ ಹಾಕದ ಮನೆಯ ಮುಯ್ಯಿ

ನಮ್ಮ ಮನೆಯ ಗೃಹಪ್ರವೇಶದ ದಿನ ಮನೆಗೆ ಬಾಗಿಲಿರಲಿಲ್ಲ. ಮೇಲೆ ಮೋಲ್ಡೂ ಇರಲಿಲ್ಲ. ಮೋಲ್ಡ್ ಎಂದರೆ ನಮ್ಮ ಕಡೆ ಕಾಂಕ್ರೀಟಿನ ತಾರಸಿ. ಗೋಡೆಗಳು ಎದ್ದಿದ್ದವು, ಅದರ ಮೇಲೆ ಸಿಮೆಂಟ್ ಶೀಟು ಹೊದಿಸಿದ್ದೆವು, ಕಿಟಕಿ ಬರಬೇಕಾದ ಜಾಗಕ್ಕೆ ಗೋಣಿಚೀಲ ಕಟ್ಟಿದ್ದೆವು. ಮಳವಳ್ಳಿಯಿಂದ ಬಂದ ಐನೋರು ಪಂಚೆ ಎತ್ತಿ ಹಿಡಿದು ಜಲ್ಲಿಯ ಗುಡ್ಡೆ ದಾಟಿ ಬಂದು, ಸುತ್ತಲೂ ನೋಡಿ, "ಬಾಗಿಲೇ ಇಲ್ವಲ್ಲ ಯಜಮಾನ್ರೇ, ನಾನು ಪೂಜೆ ಮಾಡೋದು ಯಾವುದಕ್ಕೆ?" ಎಂದು ಕೇಳಿದರು. ಅಪ್ಪ ಪಕ್ಕದಲ್ಲಿದ್ದ ಚಿಕ್ಕಪ್ಪನ ದನದ ಕೊಟ್ಟಿಗೆಗೆ ಹೋಗಿ ಅದರ ಬಾಗಿಲು ಬಿಚ್ಚಿಕೊಂಡು ಬಂದು ನಿಲ್ಲಿಸಿದ. ಅದಕ್ಕೇ ಅರಿಶಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ, ಬಲಗಾಲಿಟ್ಟು ಒಳಗೆ ಹೋದೆವು. ಸಂಜೆಗೆ ಬಾಗಿಲು ಕೊಟ್ಟಿಗೆಗೆ ವಾಪಸು ಹೋಯಿತು.

ನೆಂಟರು ಈಗಲೂ ಇದನ್ನು ಹೇಳಿಕೊಂಡು ನಗುತ್ತಾರೆ. ನಗಲಿ ಬಿಡಿ. ಅಷ್ಟು ಅವಸರ ಯಾತಕ್ಕಿತ್ತು ಅನ್ನುವುದು ಅವರಿಗೂ ಗೊತ್ತು. ಮಂಡ್ಯದ ಇಂಜಿನಿಯರಿಂಗ್ ಕಾಲೇಜಿಗೆ ನನ್ನ ಎರಡನೇ ವರ್ಷದ ಫೀಸು ಕಟ್ಟಬೇಕಿತ್ತು. ಅವರಿಗೆ ಗೊತ್ತಿಲ್ಲದ್ದು ಇಷ್ಟೇ: ಅವತ್ತು ಆ ಕೊಟ್ಟಿಗೆಯ ಬಾಗಿಲ ಪಕ್ಕದಲ್ಲಿ ನಿಂತು ಬಂದವರಿಗೆಲ್ಲ ಪನ್ನೀರು ಚಿಮುಕಿಸುತ್ತಿದ್ದ ನಾನು, ಓದು ಬಿಡುವುದೆಂದು ಆಗಲೇ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡಾಗಿತ್ತು.

ಮುಯ್ಯಿಯ ವಿಚಾರ ಗೊತ್ತಿಲ್ಲದವರಿಗೆ ಇದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಮದುವೆಯಿರಲಿ, ಗೃಹಪ್ರವೇಶವಿರಲಿ, ಬಂದವರು ಕವರಿನಲ್ಲಿ ದುಡ್ಡಿಟ್ಟು ಕೊಡುತ್ತಾರೆ. ಚಪ್ಪರದ ಮೂಲೆಯಲ್ಲಿ ಮೈಕು ಹಿಡಿದು ಕೂತವನೊಬ್ಬ, ಯಾವ ಊರಿನ ಯಾರ ಮನೆಯಿಂದ ಎಷ್ಟು ಮುಯ್ಯಿ ಬಂತು ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ. ನಾಳೆ ಅವರ ಮನೆಯಲ್ಲಿ ಕಾರ್ಯವಾದಾಗ ನಾವು ಹೋಗಿ ಅಷ್ಟನ್ನೂ, ಮೇಲೊಂದಿಷ್ಟನ್ನೂ ಸೇರಿಸಿ ಹಾಕಬೇಕು. ಬಡ್ಡಿ ಕೇಳುವವರಿಲ್ಲ, ಪತ್ರ ಬರೆಸಿಕೊಳ್ಳುವವರಿಲ್ಲ. ಆದರೆ ಹಾಕದೆ ಉಂಡು ಬಂದರೆ ಆ ನೆಂಟರ ಮುಂದೆ ಮತ್ತೆ ಮುಖ ಎತ್ತುವ ಹಾಗಿಲ್ಲ.

ಗೃಹಪ್ರವೇಶ ಮಾಡಿ ಮುಯ್ಯಿಯಲ್ಲಿ ಫೀಸು ಕಟ್ಟುವ ಉಪಾಯ ಅವ್ವನದು. ಮೊದಲ ವರ್ಷದ ಫೀಸಿಗೆ ಹಸುಗಳು ಹೋಗಿದ್ದವು. ಕೈಯಲ್ಲಿ ಉಳಿದಿದ್ದುದು ಊರಿನ ಚೀಟಿಗೆ ಕಟ್ಟಿಕೊಂಡು ಬಂದಿದ್ದ ದುಡ್ಡು ಮಾತ್ರ, ಅದನ್ನು ಮೋಲ್ಡಿಗೆಂದು ಇಟ್ಟಿದ್ದರು. ಅದನ್ನು ಮುಟ್ಟಲು ಅವ್ವ ಸುತರಾಂ ಒಪ್ಪಲಿಲ್ಲ. "ಮೋಲ್ಡ್ ದುಡ್ನ ಮುಟ್ಬುಟ್ರೆ ಈ ಜಲ್ಮದಲ್ಲಿ ಮನೆ ಆಗಕಿಲ್ಲ. ಎಂಗೂ ಇವತ್ತಲ್ಲ ನಾಳೆ ಒಕ್ಕಲಾಗ್ಬೇಕಲ್ಲ, ಈಗ್ಲೇ ಆಗ್ಬುಡಾನ. ಮುಯ್ಯಿ ದುಡ್ಡು ಫೀಸ್ಗಾಯ್ತದೆ, ಚೀಟಿ ದುಡ್ಡು ಮೋಲ್ಡ್‌ಗಾಯ್ತದೆ," ಎಂದಳು. ಅಪ್ಪ ಅದಕ್ಕೆ ತಲೆಯಾಡಿಸಿದ.

ಅವ್ವ ಮೋಲ್ಡನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದು ಅಪ್ಪನಿಗಾಗಿ. ಅಪ್ಪ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಲೋಡು ಮಾಡುತ್ತಿದ್ದ. ದೂರದೂರಿಗೆ ಹೋಗುವ ಲಾರಿಗಳು ರಾತ್ರಿಯೇ ತುಂಬಬೇಕು. ಅಪ್ಪ ಸಂಜೆಯ ಬಸ್ಸಿಗೆ ಹೋಗಿ ಬೆಳಿಗ್ಗೆ ಬರುವನು. ಗದ್ದೆಗೆ ಅಂತ ಒಂದಿಷ್ಟು ಓಡಾಡಿ, ಮುದ್ದೆ ಉಂಡು, ಸರಿಯಾಗಿ ಬಿಸಿಲೇರುವ ಹೊತ್ತಿಗೆ ಚಾಪೆ ಹಾಸುವನು. ಊರೆಲ್ಲ ರಾತ್ರಿ ಮಲಗಿದರೆ ನಮ್ಮಪ್ಪನಿಗೆ ನಿದ್ದೆ ಬರಬೇಕಾಗಿದ್ದು ನಡುಮಧ್ಯಾಹ್ನ. ಚಿಕ್ಕಪ್ಪನ ಜೊತೆ ಪಾಲಾದ ಮೇಲೆ ನಾವಿದ್ದ ಹಳೆಯ ಕೋಣೆಗೂ ಶೀಟೇ ಹೊದಿಸಿತ್ತು. ಚೈತ್ರ ವೈಶಾಖದಲ್ಲಿ ಅದರ ಕೆಳಗೆ ನಾಯಿ ಕೂಡ ಮಲಗುತ್ತಿರಲಿಲ್ಲ. "ಮೋಲ್ಡ್ ಒಂದಾಗ್ಲಿ ಕಣಮ್ಮಿ, ಫ್ಯಾನ್ ಆಕ್ಕಂಡು ಸಂಜೆ ಗಂಟ ಮಲಿಕತೀನಿ, ನೀ ಎಬ್ಬಿಸ್ಬ್ಯಾಡ," ಎಂದು ಅಪ್ಪ ಅವ್ವನಿಗೆ ಹೇಳುತ್ತಿದ್ದ. ಅವನು ಜೀವನದಲ್ಲಿ ಬಾಯಿ ಬಿಟ್ಟು ಕೇಳಿದ್ದು ಅದೊಂದೇ.

ನಾನು ಓದು ಬಿಟ್ಟಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಇದ್ದಿದ್ದರೆ ಹೇಳಿಕೊಳ್ಳಲಾದರೂ ಆಗುತ್ತಿತ್ತು. ಊರಿನ ಶಾಲೆಯಲ್ಲಿ ನಾನೇ ಜಾಣ, ಮಳವಳ್ಳಿಯ ಪಿಯುಸಿಯಲ್ಲೂ ಪರವಾಗಿಲ್ಲ. ಮಂಡ್ಯಕ್ಕೆ ಹೋದ ಮೇಲೆ ಬೋರ್ಡಿನ ಮೇಲೆ ಬರೆದಿದ್ದು ಕಣ್ಣಿಗೆ ಕಾಣುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ಪಕ್ಕದವನನ್ನು ಕೇಳಲು ನಾಚಿಕೆ, ಮೇಷ್ಟ್ರನ್ನು ಕೇಳಲು ಭಯ. ಮೊದಲ ವರ್ಷದ ರಿಸಲ್ಟು ಬಂದಾಗ ಮ್ಯಾಥ್ಸೂ ಸೇರಿ ನಾಲ್ಕು ಸಬ್ಜೆಕ್ಟು ಹೋಗಿದ್ದವು. ಮುಂದಿನ ವರ್ಷಕ್ಕೆ ಕೂರಲು ಅಡ್ಡಿಯಿರಲಿಲ್ಲ, ಕಟ್ಟಿ ಪಾಸು ಮಾಡಿಕೊಂಡವರು ಬೇಕಾದಷ್ಟು ಜನ ಇದ್ದರು. ನನಗೆ ಮಾತ್ರ ಆ ಕಟ್ಟಡದ ಮೆಟ್ಟಿಲು ಹತ್ತುವುದೇ ಬೇಡವಾಗಿತ್ತು. ಹೋಗುವುದಿಲ್ಲ ಅಂದುಕೊಂಡೆ, ಅಷ್ಟೇ.

ಮನೆಯಲ್ಲಿ ಹೇಳಬೇಕಿತ್ತು. ಗೃಹಪ್ರವೇಶದ ಕಾರ್ಡು ಪ್ರಿಂಟಿಗೆ ಹೋಗುವ ಮೊದಲು ಒಂದು ಸಂಜೆ, ಅವ್ವನಿಗಿಂತ ಅಪ್ಪನಿಗೆ ಹೇಳುವುದು ಸುಲಭವೆಂದು ಮದ್ದೂರಿನ ಮಾರುಕಟ್ಟೆಗೇ ಹೋದೆ. ಅಪ್ಪ ಲಾರಿಯ ಕೆಳಗೆ ನಿಂತು ಎಳನೀರನ್ನು ಜೋಡಿ ಜೋಡಿಯಾಗಿ ಮೇಲಕ್ಕೆ ಎಸೆಯುತ್ತಿದ್ದ. ಮೇಲೆ ನಿಂತು ಹಿಡಿಯುತ್ತಿದ್ದವನು ನನ್ನನ್ನು ಕಂಡು, "ಇಂಜಿನಿಯರ್ ಸಾಯೇಬ್ರು ಬಂದವ್ರೆ, ಒಂದ್ ಎಳ್ನೀರ್ ಕೊಚ್ಚ್ರಲಾ," ಎಂದು ಕೂಗಿದ. ಅಪ್ಪ ಟವೆಲಿನಲ್ಲಿ ಕೈ ಒರೆಸಿಕೊಂಡು ಹತ್ತಿರ ಬಂದು, "ಏನ್ ಮಗ, ದುಡ್ಡೇನಾರ ಬೇಕಾಗಿತ್ತಾ?" ಎಂದ.

"ಊಂಊಂ. ಸುಮ್ಕೆ ಬಂದೆ."

"ಇಷ್ಟ್ ದೂರ ಸುಮ್ಕೆ ಬಂದ್ಯಾ?" ಎಂದು ಅಪ್ಪ ನಕ್ಕ. ಅವನಿಗೆ ಖುಷಿಯಾಗಿತ್ತು, ಮಗ ನೋಡಲು ಬಂದನೆಂದು. ತಾನೇ ಆರಿಸಿ, ಮಚ್ಚಿನಲ್ಲಿ ಕೊಚ್ಚಿ ಕೊಟ್ಟ. ನೀರು ಕುಡಿದೆ. ಓಡು ಸೀಳಿ ಗಂಜಿಯನ್ನೂ ಕೆರೆದು ಕೊಟ್ಟ. ಅದನ್ನೂ ತಿಂದೆ. ತಿಂದು ಮೂತಿ ಒರೆಸಿಕೊಂಡು ಬಸ್ಸು ಹತ್ತಿ ವಾಪಸು ಬಂದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಗೃಹಪ್ರವೇಶಕ್ಕೆ ಜನ ಚೆನ್ನಾಗಿಯೇ ಬಂದರು. ಹಲಗೂರಿನ ಕಡೆಯ ಅತ್ತೆಯ ಮನೆಯವರು, ಬಂಡೂರಿನಿಂದ ಅವ್ವನ ಅಣ್ಣ, ಅಂದರೆ ನನ್ನ ಸೋದರಮಾವ, ಮಾರುಕಟ್ಟೆಯ ಹಮಾಲರು, ಯಾರಾರೋ. ಎಲ್ಲರಿಗೂ ವಿಷಯ ಗೊತ್ತಿದ್ದರಿಂದ ಕೈ ಬಿಗಿ ಹಿಡಿಯದೆ ಹಾಕಿದರು. ಮಾವ ಮೈಕಿನವನ ಹತ್ತಿರ ಹೋಗಿ, "ಬರೀ ಮುಯ್ಯಿ ಅನ್ಬ್ಯಾಡ ಕಣಯ್ಯ, ಅಳಿಯನ ಓದ್ಗೆ ಅಂತ ಕೂಗು," ಎಂದು ಹೇಳಿ ಬಂದ. ಅಲ್ಲಿಂದ ಮುಂದಕ್ಕೆ ಎಲ್ಲರೂ ಹಾಗೆಯೇ ಕೂಗಿಸತೊಡಗಿದರು. ಪಾಯಸ ಬಡಿಸುವ ತನಕವೂ ಮೈಕಿನಲ್ಲಿ ನನ್ನ ಓದಿಗೆ, ನನ್ನ ಓದಿಗೆ ಎಂದು ಕೇಳಿಬರುತ್ತಲೇ ಇತ್ತು. ನಾನು ಪನ್ನೀರುದಾನಿ ಹಿಡಿದುಕೊಂಡು ಹಲ್ಲು ಕಿರಿಯುತ್ತ ನಿಂತಿದ್ದೆ.

ಆ ದುಡ್ಡನ್ನು ನಾನೇ ಕಾಲೇಜಿನ ಕೌಂಟರಿನಲ್ಲಿ ಕಟ್ಟಿದೆ. ನೋಟುಗಳಿಗೆ ಕುಂಕುಮ ಮೆತ್ತಿಕೊಂಡಿತ್ತು. ಗುಮಾಸ್ತ ಬೆರಳು ನೋಡಿಕೊಂಡು, "ಏನಪ್ಪ, ಹುಂಡಿ ಒಡೆದು ತಂದ್ಯಾ?" ಎಂದ. ರಸೀದಿ ಇಸಿದುಕೊಂಡು ಹೊರಗೆ ಬಂದೆ, ಕ್ಲಾಸಿನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ದಿನಾ ಬಸ್ಸು ಹತ್ತಿ ಮಂಡ್ಯಕ್ಕೆ ಹೋಗಿ ರೈಲ್ವೆ ಸ್ಟೇಷನ್ನಿನಲ್ಲಿ ಕೂರುತ್ತಿದ್ದೆ. ಮೈಸೂರಿನ ಕಡೆಯಿಂದ ರೈಲು ಬಂದರೆ ಎದ್ದು ನಿಂತು, ಯಾರನ್ನೋ ಕಾಯುವವನ ಹಾಗೆ ಬೋಗಿಗಳನ್ನು ನೋಡುತ್ತಿದ್ದೆ. ಅವ್ವ ಕಟ್ಟಿಕೊಟ್ಟ ರೊಟ್ಟಿಯನ್ನು ಅಲ್ಲೇ ತಿನ್ನುತ್ತಿದ್ದೆ. ಬೇಸರವಾದಾಗ ಪೇಟೆಯಲ್ಲಿ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿಯ ಮುಂದೆ ನಿಂತು ತಂತಿ ಸುತ್ತುವುದನ್ನು ನೋಡುತ್ತಿದ್ದೆ. ಒಂದು ದಿನ ಅಪ್ಪ ತನ್ನ ಬಟನ್ ಫೋನು ತಂದು ಮುಂದೆ ಹಿಡಿದು, "ನಿಮ್ ಕಾಲೇಜಿಂದು ಏನೋ ಬಂದದೆ, ಇಂಗ್ಲೀಸಲ್ಲದೆ, ಏನ್ ನೋಡ್ಲಾ," ಎಂದ. ಮಗನ ಹಾಜರಾತಿ ಸಾಲದು, ಪೋಷಕರು ಬಂದು ಕಾಣಬೇಕು ಎಂದಿತ್ತು. ಪರೀಕ್ಷೆಯ ತಾರೀಕು ಕಳಿಸಿದ್ದಾರೆ ಎಂದೆ. "ಚೆನ್ನಾಗ್ ಬರಿ," ಎಂದು ಹೇಳಿ ಫೋನು ಜೇಬಿಗಿಟ್ಟುಕೊಂಡ.

ಪರೀಕ್ಷೆಯೂ ಬಂದು ಹೋಯಿತು. ಇನ್ನು ಮುಚ್ಚಿಡಲು ದಾರಿಯಿಲ್ಲವೆಂದಾಗ ಬಾಯಿಬಿಟ್ಟೆ, ಅದೂ ಅರ್ಧ. ಓದಿದೆ, ತಲೆಗೆ ಹತ್ತಲಿಲ್ಲ, ಎಲ್ಲಾ ಹೋಯಿತು, ಇನ್ನು ಓದಲಾರೆ ಎಂದೆ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಪ್ಪ, "ಆಯ್ತು ಬುಡು. ಕೈಕಾಲು ಗಟ್ಯಾಗವೆ," ಎಂದ. ಒಂದು ಏಟು ಹಾಕಿದ್ದರೆ ನಿಜವೆಲ್ಲ ಉದುರಿಬೀಳುತ್ತಿತ್ತೇನೋ. ಹಾಕಲಿಲ್ಲ.

ನನ್ನ ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡುಗಳು ಕಾಲೇಜಿನಲ್ಲಿದ್ದವು. ಅವನ್ನು ಬಿಡಿಸಿಕೊಂಡು ಬರಲು ಅಪ್ಪ ರಾತ್ರಿಯಿಡೀ ಲೋಡು ಮಾಡಿ ಹಾಗೇ ಮಂಡ್ಯಕ್ಕೆ ಬಂದ. ಗುಮಾಸ್ತ ನಿಯಮ ಹೇಳಿದ. ನಡುವೆ ಬಿಟ್ಟುಹೋದರೆ ಸೀಟು ಕೊನೆಯ ತನಕ ಖಾಲಿ ಬೀಳುತ್ತದೆ, ಆದ್ದರಿಂದ ಉಳಿದ ಎರಡು ವರ್ಷದ ಫೀಸನ್ನೂ ಕಟ್ಟಿದರೆ ಮಾತ್ರ ಮಾರ್ಕ್ಸ್ ಕಾರ್ಡು. ಅಪ್ಪ ನಿಂತಲ್ಲೇ ಗೋಡೆಗೆ ಕೈಯಾನಿಸಿದ. ಗುಮಾಸ್ತನಿಗೂ ಪಾಪ ಅನ್ನಿಸಿತೋ ಏನೋ, "ಎರಡನೇ ವರ್ಷ ಶುರುವಾಗೋಕೆ ಮುಂಚೆ ಬಂದಿದ್ರೆ ಒಂದು ಅರ್ಜಿಯಲ್ಲಿ ಮುಗೀತಿತ್ತು ಯಜಮಾನ್ರೇ. ಡಿಪ್ಲೊಮಾ ಮಾಡಿದವರು ಎರಡನೇ ವರ್ಷಕ್ಕೆ ಸೇರ್ತಾರೆ, ಇವನ ಸೀಟನ್ನ ಅವರಿಗೆ ಕೊಟ್ಟುಬಿಡ್ತಿದ್ವಿ, ಒಂದು ಪೈಸೆ ಕೇಳ್ತಿರಲಿಲ್ಲ," ಎಂದ.

ಅದಕ್ಕೆ ಅಪ್ಪ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಆವಾಗ ನಮ್ಮುಡ್ಗ ಓದ್ತಿದ್ನಲ್ಲ ಸಾ. ಬುಡ್ತಾನೆ ಅಂತ ನಮ್ಗೆಂಗ್ ಗೊತ್ತಾದದು?"

ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಗೋಡೆಯ ಮೇಲೆ ಅಂಟಿಸಿದ್ದ ಯಾವುದೋ ನೋಟೀಸನ್ನು ಓದುವವನಂತೆ ಆ ಕಡೆ ತಿರುಗಿಕೊಂಡೆ.

ಚೀಟಿ ಮುಗಿಯಲು ಇನ್ನೂ ಸಮಯವಿತ್ತು. ಅಪ್ಪ ಮೊದಲೇ ಹರಾಜು ಕೂಗಿ, ನಷ್ಟಕ್ಕೆ ಎತ್ತಿದ. ಮೋಲ್ಡಿಗೆಂದು ಕಬ್ಬಿಣ ತರಬೇಕಾಗಿದ್ದ ದುಡ್ಡು ಕಾಲೇಜಿಗೆ ಹೋಯಿತು. ಮಾರ್ಕ್ಸ್ ಕಾರ್ಡು ಬೇಡ, ಹಾಳಾಗಲಿ ಬಿಡು ಎಂದು ನಾನು ಹೇಳಿದೆ. ಅಪ್ಪ ಕೇಳಲಿಲ್ಲ. "ನೀ ಓದಿರೋದು ಅವ್ರ ಬೀರಿನಾಗೆ ಯಾಕ್ ಬಿದ್ದಿರ್ಬೇಕು? ನಾಳಿಕೆ ಎಲ್ಲಾರ ಕೆಲ್ಸಕ್ಕೆ ಕೇಳ್ತಾರೆ," ಎಂದ. ನಾನು ಅದೇ ವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ, ಆಮೇಲೆ ಮಳವಳ್ಳಿಯಲ್ಲಿ ಸ್ವಂತ ಅಂಗಡಿ ಹಾಕಿದೆ. ಸುಟ್ಟ ಮೋಟಾರು ತರುವವರು ಎಷ್ಟಾಗುತ್ತೆ, ಯಾವಾಗ ಕೊಡ್ತೀಯ ಎಂದು ಕೇಳುತ್ತಾರೆ. ಮಾರ್ಕ್ಸ್ ಕಾರ್ಡನ್ನು ಇವತ್ತಿನವರೆಗೂ ಒಬ್ಬನೂ ಕೇಳಿಲ್ಲ.

ಇನ್ನೊಂದು ಕಡೆಯಿಂದ ಮುಯ್ಯಿ ತೀರಿಸುವುದು ಶುರುವಾಯಿತು. ನಮ್ಮ ಚಪ್ಪರದಲ್ಲಿ ಧಾರಾಳವಾಗಿ ಹಾಕಿದವರ ಮನೆಗಳಲ್ಲೆಲ್ಲ ಸಾಲಾಗಿ ಮದುವೆ, ನಾಮಕರಣ, ಗೃಹಪ್ರವೇಶ. ಕಾರ್ಡು ಬಂತೆಂದರೆ ಅವ್ವನ ಮುಖ ಸಣ್ಣಗಾಗುತ್ತಿತ್ತು. ಆದರೆ ಒಂದನ್ನೂ ತಪ್ಪಿಸಲಿಲ್ಲ. ಅಪ್ಪನ ಕೂಲಿ, ನನ್ನ ಸಂಬಳ ಎಲ್ಲ ಕೂಡಿಸಿ ಮೋಲ್ಡಿಗೆಂದು ಒಂದಿಷ್ಟು ಎತ್ತಿಡುವ ಹೊತ್ತಿಗೆ ಯಾರದೋ ಲಗ್ನ ಬಂದು ಅದು ಕವರಿನೊಳಗೆ ಹೋಗುತ್ತಿತ್ತು.

ಒಮ್ಮೆ ಮದ್ದೂರಿನ ಛತ್ರವೊಂದರಲ್ಲಿ ಮೈಕಿನವನು, ನಮ್ಮ ಕಡೆಯ ನೆಂಟನೇ, "ಇಂಜಿನಿಯರ್ ಮನೆಯವರಿಂದ ಮುಯ್ಯಿ," ಎಂದು ಕೂಗಿಬಿಟ್ಟ. ಊಟಕ್ಕೆ ಕೂತವರು ಕಿಸಕ್ಕನೆ ನಕ್ಕರು. ಅವ್ವ ನೇರವಾಗಿ ಅವನ ಟೇಬಲ್ಲಿಗೆ ಹೋದಳು. "ಯಾಕ್ಲಾ, ನಗಾಡಕ್ಕೆ ನಾನೇ ಸಿಕ್ಕಿದ್ನಾ? ನನ್ ಮಗ ಓದ್ದ ಕಣ್ಲಾ, ತಲೆಗತ್ನಿಲ್ಲ. ಕದ್ದಿಲ್ಲ, ಸುಳ್ಳೇಳಿಲ್ಲ, ಮೋಸ ಮಾಡಿಲ್ಲ. ಊರೆಸ್ರು ಏಳಿ ಕೂಗು." ಅವನು ತೆಪ್ಪಗೆ ಊರ ಹೆಸರು ಹೇಳಿ ಇನ್ನೊಮ್ಮೆ ಕೂಗಿದ. ನಾನು ಅರ್ಧಕ್ಕೇ ಎಲೆ ಮಡಚಿ ಎದ್ದುಹೋದೆ.

ಅಪ್ಪ ಆ ಶೀಟಿನ ಕೆಳಗೇ ಮಲಗಿದ. ಮೊದಲ ಬೇಸಿಗೆಯಲ್ಲಿ ಗೋಣಿಚೀಲ ನೆನೆಸಿ ಶೀಟಿನ ಮೇಲೆ ಹಾಸಿ ನೋಡಿದ. ಗಳಿಗೆಯಲ್ಲಿ ಒಣಗಿಹೋಗುತ್ತಿದ್ದವು. ಮರುವರ್ಷ ಚಾಪೆ ಹಿಡಿದುಕೊಂಡು ಹೊಂಗೆಮರದ ಕೆಳಗೆ ಹೋದ. ಅಲ್ಲಿ ನೊಣ, ಮಕ್ಕಳ ಗಲಾಟೆ, ಹೋಗಿ ಬರುವವರ ಮಾತು. ಅದರ ಮುಂದಿನ ಬೇಸಿಗೆಯಲ್ಲಿ ಮನೆಗೇ ಬರದೆ ಮಾರುಕಟ್ಟೆಯಲ್ಲಿ ಎಳನೀರಿನ ರಾಶಿಯ ಪಕ್ಕ ನೆರಳಿನಲ್ಲಿ ಮಲಗತೊಡಗಿದ. ಅಲ್ಲಿಯೇ ಒಂದು ದಿನ ಎದೆ ಹಿಡಿದುಕೊಂಡು ಕುಸಿದ. ಮಂಡ್ಯದ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತು. ಡಾಕ್ಟರು ಹೃದಯಾಘಾತ ಅಂದರು. ನಿದ್ದೆಗೆಟ್ಟು ಸತ್ತ ಎಂದು ಯಾರೂ ಹೇಳಲಿಲ್ಲ. ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಮುಯ್ಯಿಯೆಲ್ಲ ತೀರಿದ್ದು ಹೋದ ವರ್ಷ, ಮಾವನ ಕೊನೆಯ ಮಗಳ ಮದುವೆಯಲ್ಲಿ. ಈ ವರ್ಷ ಬೇಸಿಗೆಗೆ ಮುಂಚೆ ಮೋಲ್ಡ್ ಹಾಕಿಸಿದೆ. ಮೋಲ್ಡ್ ಹಾಕಿದ ದಿನ ಗಾರೆ ಕೆಲಸದವರಿಗೆ ಬಾಡೂಟ ಹಾಕುವುದು ನಮ್ಮಲ್ಲಿ ವಾಡಿಕೆ. ಮಾವ ಬಂಡೂರು ಕುರಿಯ ಮಾಂಸ ತಂದಿದ್ದ. ಬೇರೆ ನೆಂಟರಿಗೆ ಹೇಳಲಿಲ್ಲ. ಇನ್ನೊಮ್ಮೆ ಗೃಹಪ್ರವೇಶ ಮಾಡೋಣವೇ ಎಂದು ಕೇಳಿದ್ದಕ್ಕೆ ಅವ್ವ, "ಒಂದ್ ಮನೆಗೆ ಎಷ್ಟ್ ಸಲ ಒಕ್ಕಲಾದದು? ಆಗೋಗದೆ ಬುಡು," ಎಂದಿದ್ದಳು.

ಕೆಲಸದವರು ಹೊರಗೆ ಸಾಲಾಗಿ ಕೂತಿದ್ದರು. ಅವ್ವ ಒಳಗೆ, ತಾರಸಿಗೆ ಆನಿಸಿದ ಕಂಬಗಳ ನಡುವೆ ಜಾಗ ಮಾಡಿಕೊಂಡು, ಅಪ್ಪನಿಗೆಂದು ಒಂದು ಎಡೆ ಇಡುತ್ತಿದ್ದಳು. ಮುದ್ದೆ, ಸಾರು, ಪಕ್ಕದಲ್ಲಿ ಒಂದು ಎಳನೀರು. ಎಳನೀರನ್ನು ಕೊಚ್ಚಿ ಕೊಡು ಎಂದು ನನ್ನ ಕೈಗೆ ಕೊಟ್ಟಳು. ಮಚ್ಚು ತೆಗೆದುಕೊಂಡವನು ಹಾಗೇ ಕೆಳಗಿಟ್ಟೆ. ಇಷ್ಟು ವರ್ಷ ಇಟ್ಟುಕೊಂಡಿದ್ದು ಬಾಯಿಗೆ ಬಂತು.

"ಅವ್ವ, ಈ ಮನೆ ಗೃಹಪ್ರವೇಸ ಮಾಡ್ದಾಗ್ಲೇ ನಾನು ಓದದು ಬುಡ್ಬೇಕು ಅಂತ ಮಾಡ್ಕಂಡಿದ್ದೆ."

ಅವ್ವ ತಿರುಗಿ ನೋಡಿದಳು.

"ಎಲ್ಡನೇ ವರ್ಸ ಒಂದಿನಾನೂ ಕ್ಲಾಸಿಗೋಗ್ನಿಲ್ಲ. ಫೀಸ್ ಕಟ್ಬುಟ್ ಬಂದೆ, ಅಷ್ಟೇಯ. ಓದಿ ಫೇಲಾದೆ ಅಂದಿದ್ದು ಸುಳ್ಳು."

"ಕ್ಲಾಸಿಗೇ ಓಗ್ನಿಲ್ವಾ?" ಅವಳಿಗೆ ಅದು ಒಮ್ಮೆಗೇ ಒಳಗೆ ಇಳಿದ ಹಾಗೆ ಕಾಣಲಿಲ್ಲ. "ಮತ್ತೆ ದಿನಾ ಬೆಳುಗ್ಗೆ ರೊಟ್ಟಿ ಕಟ್ಕೊಡ್ತಿದ್ನಲ್ಲ, ಅದ್ನೆಲ್ಲಿ ಕೂತ್ಕಂಡ್ ತಿಂತಿದ್ದೆ?"

"ರೈಲ್ ಟೇಸನ್ನಲ್ಲಿ."

ಅವ್ವ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಹಾಗೇ ನೆಲಕ್ಕೆ ಕೂತಳು. "ಓದಕ್ಕಾಗಕಿಲ್ಲ ಅಂದಿದ್ರೆ ನಿನ್ನೇನ್ ಕೊಚ್ಚಾಕ್ತಿದ್ವಾ? ಬಾಯ್ನಾಗೇನ್ ಕಡ್ಬ್ ತುರುಕ್ಕಂಡಿದ್ದಾ ಅವತ್ತು? ಫೀಸ್ ಕಟ್ಟಕ್ ಮುಂಚೆ ಒಂದ್ ಮಾತ್ ಅಂದಿದ್ರೆ ಕಾಲೇಜ್ನೋರು ಏನೂ ಕೇಳ್ತಿರ್ನಿಲ್ವಂತೆ. ನಿಮ್ಮಪ್ಪ ಅದ್ನ ಸಾಯೋಗಂಟ ಏಳ್ತಿತ್ತು. ನಮ್ಗೆ ಗೊತ್ತಾಗ್ನಿಲ್ಲ ಕಣಮ್ಮಿ, ಗೊತ್ತಾಗಿದ್ರೆ ಮನೆ ಆಗೋಗದು, ಅಂತ. ಮಗ ಓದ್ತಾವ್ನೆ ಅನ್ಕಂಡ್ಬುಟ್ಟೊ, ಅಂತ."

ಹೊರಗಿನಿಂದ ಯಾರೋ ಸಾರು ಕೇಳಿದರು. ಅವ್ವ ಏಳಲಿಲ್ಲ. ಮೇಲೆ ಹಸಿ ತಾರಸಿಯ ಹಲಗೆಗಳನ್ನು ನೋಡುತ್ತಿದ್ದಳು.

"ಆಗ್ಲೇ ಆಗಿದ್ರೆ ಮೂರ್ ಬ್ಯಾಸ್ಗೆ ಇದ್ರ ಕೆಳುಗ್ ಮಲುಗ್ತಿತ್ತು ಕಣ್ಲಾ," ಎಂದಳು.

ಆಮೇಲೆ ಎದ್ದು ಸಾರಿನ ಪಾತ್ರೆ ತೆಗೆದುಕೊಂಡು ಹೊರಗೆ ಹೋಗಿ ಎಲ್ಲರಿಗೂ ಬಡಿಸಿದಳು. ನನಗೂ ಬಡಿಸಿದಳು. ಆದರೆ ಉಣ್ಣು ಎ‍ನ್ನಲಿಲ್ಲ. ಮಾರನೇ ದಿನ ಮಧ್ಯಾಹ್ನ ಪೈಪು ತಂದು ನನ್ನ ಮುಂದೆ ಹಾಕಿ, "ಮೋಲ್ಡ್ ಒಣಗ್ತಾ ಅದೆ. ನೀರ್ ಬುಡೋಗು," ಎಂದಳು.

ಏಣಿ ಹತ್ತಿ ಹೋಗಿ, ಮಣ್ಣಿನ ಬದು ಕಟ್ಟಿದ್ದ ಮೋಲ್ಡಿನ ಮೇಲೆ ನೀರು ನಿಲ್ಲಿಸಿದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಇಳಿದು ಬಂದು ಒಳಗೆ ಕಂಬಗಳ ನಡುವೆ ಬಗ್ಗಿ ಹೋಗಿ ಕೂತೆ. ಅಪ್ಪ ಚಾಪೆ ಹಾಸುತ್ತಿದ್ದ ಹೊತ್ತು ಅದು. ಒಳಗೆ ತಣ್ಣಗಿತ್ತು.